ಲಾರಿ ಚಾಸಿಸ್ ಮೇಲೆ ಕ್ಯಾಂಪರ್ ಪೆಟ್ಟಿಗೆ ಕೂರಿಸುವುದು: ಒಂದು ಅಧ್ಯಯನ ಟಿಪ್ಪಣಿ

ಹಳೆಯ ಲಾರಿಯೊಂದನ್ನು ಕಚ್ಚಾ ದಾರಿಯಲ್ಲೂ ಓಡುವ ಕ್ಯಾಂಪರ್ (ಒಳಗೆ ವಾಸಿಸಬಹುದಾದ ವಾಹನ) ಆಗಿ ತಾವೇ ಕಟ್ಟಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮಂಚ, ಒಲೆ, ಸೋಲಾರ್ ಫಲಕಗಳ ಲೆಕ್ಕದಿಂದ ಆರಂಭಿಸುತ್ತಾರೆ. ದಾವಣಗೆರೆಯ ಶೆಡ್ಡಿನಲ್ಲಿ ಈ ಕೆಲಸವನ್ನು ಕಲಿಯುತ್ತಿರುವ ನನಗೆ ಅತಿ ಹೆಚ್ಚು ಕಾಲ ಅರ್ಥವಾಗದೆ ಉಳಿದ ವಿಷಯ ಅವುಗಳಲ್ಲಿ ಯಾವುದೂ ಅಲ್ಲ. ವಾಸದ ಪೆಟ್ಟಿಗೆಯನ್ನು ಚಾಸಿಸ್ಸಿಗೆ ಹೇಗೆ ಕೂರಿಸಬೇಕು ಎಂಬುದು. ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಆ ಒಂದು ವಿಷಯಕ್ಕೇ ಮೀಸಲು. ಅಡುಗೆಕಟ್ಟೆ, ಕಪಾಟು, ಹಾಸಿಗೆಗಳ ಮರಗೆಲಸವನ್ನು ಯಾವುದೇ ಒಳ್ಳೆಯ ಬಡಗಿಯಿಂದ ಕಲಿಯಬಹುದಾದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಚಾಸಿಸ್ ಏಕೆ ತಿರುಚುತ್ತದೆ

ಲಾರಿಯ ಚಾಸಿಸ್ ಎಂದರೆ ಏಣಿಯಾಕಾರದ ಚೌಕಟ್ಟು: ಉದ್ದಕ್ಕೆ ಸಿ ಅಕ್ಷರದಂತೆ ಒಂದು ಬದಿ ತೆರೆದ ಎರಡು ಸಿ-ಚಾನಲ್‌ಗಳು, ಅವುಗಳ ನಡುವೆ ರಿವೆಟ್ ಹೊಡೆದ ಅಡ್ಡಪಟ್ಟಿಗಳು, ಅಂದರೆ ಕ್ರಾಸ್ ಮೆಂಬರ್‌ಗಳು. ಸಮತಟ್ಟಾದ ರಸ್ತೆಯಲ್ಲಿ ಭಾರ ಹೊರುವಾಗ ಇದು ಬಹಳ ಗಟ್ಟಿ. ಆದರೆ ಜಗಳೂರು ಕಡೆಯ ಎರೆಹೊಲಗಳ ನಡುವಿನ ಬಂಡಿ ದಾರಿಯಲ್ಲೋ, ಚಿತ್ರದುರ್ಗದ ಸುತ್ತಲಿನ ಕಲ್ಲುನೆಲದಲ್ಲೋ ಒಂದು ಹಳ್ಳವನ್ನು ಓರೆಯಾಗಿ ದಾಟುವಾಗ ಮುಂದಿನ ಬಲಗಾಲಿ ಮೇಲೇರಿ, ಹಿಂದಿನ ಬಲಗಾಲಿ ಕೆಳಗಿಳಿಯುತ್ತದೆ. ಈ ಏರುಪೇರಿನ ಒಂದಷ್ಟನ್ನು ಲೀಫ್ ಸ್ಪ್ರಿಂಗ್‌ಗಳು ನುಂಗುತ್ತವೆ, ಉಳಿದದ್ದನ್ನು ಚಾಸಿಸ್ ತಾನೇ ತಿರುಚಿಕೊಂಡು ಹೊಂದಿಸಿಕೊಳ್ಳುತ್ತದೆ. ಸ್ಪ್ರಿಂಗ್ ಎಷ್ಟು ಗಡುಸೋ ಚಾಸಿಸ್ಸಿನ ಪಾಲಿಗೆ ಅಷ್ಟು ಹೆಚ್ಚು ತಿರುಚುವಿಕೆ ಬರುತ್ತದೆ. ಇದು ಚಾಸಿಸ್ಸಿನ ದೋಷವಲ್ಲ. ನಾಲ್ಕೂ ಗಾಲಿಗಳು ನೆಲವನ್ನು ಬಿಡದಂತೆ ಅದು ಮಾಡುವ ಕೆಲಸ.

ಸಿ-ಚಾನಲ್ ಇಷ್ಟು ಸುಲಭವಾಗಿ ಏಕೆ ತಿರುಚುತ್ತದೆಂದು ಕಣ್ಣಾರೆ ನೋಡಬೇಕಾದರೆ ಅರ್ಧ ಮೀಟರ್ ಪಿವಿಸಿ ಪೈಪ್ ತೆಗೆದುಕೊಂಡು ಎರಡೂ ತುದಿ ಹಿಡಿದು ತಿರುಚಿ ನೋಡಬೇಕು, ಅದು ಜಗ್ಗುವುದಿಲ್ಲ. ನಂತರ ಹ್ಯಾಕ್ಸಾ ಬ್ಲೇಡಿನಿಂದ ಅದನ್ನು ಉದ್ದಕ್ಕೂ ಒಂದೇ ಕಡೆ ಸೀಳಿ ಮತ್ತೆ ತಿರುಚಿದರೆ, ಸೀಳಿನ ಎರಡು ಅಂಚುಗಳು ಒಂದರ ಪಕ್ಕ ಒಂದು ಜಾರಿ, ಪೈಪ್ ಕೈಯಲ್ಲೇ ಸುರುಳಿಯಾಗುತ್ತದೆ. ತೆಗೆದದ್ದು ಬ್ಲೇಡಿನ ದಪ್ಪದಷ್ಟು ಪ್ಲಾಸ್ಟಿಕ್ ಮಾತ್ರ, ಹೋದದ್ದು ಹೆಚ್ಚುಕಡಿಮೆ ಪೂರ್ತಿ ಬಿಗುವು.

ಇದನ್ನು ಅಂಕಿಗಳಲ್ಲಿ ಹೇಳೋಣ. 200 ಮಿ.ಮೀ. ಎತ್ತರ, 70 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ತೆರೆದ ಸಿ-ಚಾನಲ್ಲಿನ ತಿರುಚು ಸ್ಥಿರಾಂಕ (ತಿರುಚುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) ತಿಳಿಯಲು ಮೂರು ಬದಿಗಳ ಒಟ್ಟು ಉದ್ದವಾದ 340ನ್ನು ದಪ್ಪದ ಘನವಾದ 216ರಿಂದ ಗುಣಿಸಿ 3ರಿಂದ ಭಾಗಿಸಬೇಕು, ಸಿಗುವುದು 24,480. ಅದೇ ಅಳತೆಯ ನಾಲ್ಕೂ ಕಡೆ ಮುಚ್ಚಿದ ಕೊಳವೆಗೆ ಸೂತ್ರವೇ ಬೇರೆ: ಒಳಗೆ ಆವರಿಸಿದ ವಿಸ್ತೀರ್ಣದ ವರ್ಗವನ್ನು 4ರಿಂದಲೂ ದಪ್ಪದಿಂದಲೂ ಗುಣಿಸಿ ಸುತ್ತಳತೆಯಿಂದ ಭಾಗಿಸಬೇಕು. ತಗಡಿನ ನಡುಗೆರೆಯ ಅಳತೆ 194 ಮತ್ತು 64 ಮಿ.ಮೀ. ಎಂದು ಹಿಡಿದರೆ ಉತ್ತರ ಸುಮಾರು 71.7 ಲಕ್ಷ, ಅಂದರೆ 290 ಪಟ್ಟಿಗೂ ಹೆಚ್ಚು. ಕ್ರಾಸ್ ಮೆಂಬರ್‌ಗಳ ಬಿಗಿತವೂ ಸೇರುವುದರಿಂದ ನಿಜವಾದ ಚಾಸಿಸ್ ಬಿಡಿ ಚಾನಲ್ಲಿಗಿಂತ ಗಡುಸಾಗಿರುತ್ತದೆ, ಆದರೂ ವ್ಯತ್ಯಾಸದ ಸ್ವರೂಪ ಇದೇ.

ಈ ಲೆಕ್ಕ ನಿಜವಾಗಿ ಮುಖ್ಯವಾಗುವುದು ಮುಂದಿನ ಹೆಜ್ಜೆಯಲ್ಲಿ. ನಾವು ಕಟ್ಟುವ ವಾಸದ ಪೆಟ್ಟಿಗೆಯೂ ಆರು ಕಡೆ ಮುಚ್ಚಿದ ಒಂದು ದೊಡ್ಡ ಕೊಳವೆಯೇ. ಅದನ್ನು ಚಾಸಿಸ್ಸಿಗೆ ಉದ್ದಕ್ಕೂ ಯು-ಬೋಲ್ಟ್ ಹಾಕಿ ಬಿಗಿದರೆ ಚಾಸಿಸ್ ತಿರುಚಲು ಹೊರಡುತ್ತದೆ, ಪೆಟ್ಟಿಗೆ ಬಿಡುವುದಿಲ್ಲ. ಎರಡರಲ್ಲಿ ಹೆಚ್ಚು ಗಡುಸಾದದ್ದು ಹೆಚ್ಚು ಬಲವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಹಾಗಾಗಿ ಪೆಟ್ಟಿಗೆಯ ಮೂಲೆಗಳು ಬಿರಿಯುತ್ತವೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕಿಟಕಿಯ ಸೀಲಂಟ್ ಹರಿಯುತ್ತದೆ. ಪೆಟ್ಟಿಗೆಗೆ ಇನ್ನಷ್ಟು ಕಬ್ಬಿಣ ಹಾಕಿ ಬಲಪಡಿಸಿದರೆ ಬಿರುಕು ಚಾಸಿಸ್ಸಿನ ರಿವೆಟ್‌ಗಳಿಗೆ ವರ್ಗವಾಗುತ್ತದೆ. ಸರಕು ಲಾರಿಯ ಬಾಡಿಯನ್ನು ಯು-ಬೋಲ್ಟ್ ಹಾಕಿಯೇ ಕೂರಿಸುತ್ತಾರಲ್ಲ ಎಂಬ ಪ್ರಶ್ನೆ ಸಹಜವಾದದ್ದು. ಆ ಬಾಡಿ ಮೇಲ್ಭಾಗ ತೆರೆದ ತೊಟ್ಟಿ. ಚಾಸಿಸ್ ಮತ್ತು ಬಾಡಿಯ ನಡುವೆ ಮರದ ಪಟ್ಟಿಯೂ ಇರುತ್ತದೆ. ಚಾಸಿಸ್ ತಿರುಚಿದಾಗ ಬಾಡಿಯೂ ಜೊತೆಗೆ ತಿರುಚುತ್ತದೆ. ಚಾವಣಿ ಮುಚ್ಚಿದ ಕ್ಷಣದಿಂದ ಆ ಪದ್ಧತಿ ನಮಗೆ ಅನ್ವಯಿಸುವುದಿಲ್ಲ.

ಕೂರಿಸುವ ಮೂರು ವಿಧಾನಗಳು

ಪರಿಹಾರವೆಂದರೆ ಪೆಟ್ಟಿಗೆಯ ಕೆಳಗೆ ಗಡುಸಾದ ಆಧಾರ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಒಂದನ್ನು ಕಟ್ಟಿ, ಚಾಸಿಸ್ಸಿನ ತಿರುಚುವಿಕೆ ಅದಕ್ಕೆ ತಲುಪದಂತೆ ಕೂರಿಸುವುದು. ಮೊದಲನೆಯ ವಿಧಾನ ಮೂರು ಬಿಂದುಗಳದು: ಹಿಂದೆ ಎಡಕ್ಕೊಂದು, ಬಲಕ್ಕೊಂದು ಸ್ಥಿರ ಹಿಡಿತ, ಮುಂದೆ ನಟ್ಟನಡುವೆ ತಿರುಗುವ ಒಂದು ಪಿವಟ್. ಮೂರು ಬಿಂದುಗಳ ಮೂಲಕ ಯಾವಾಗಲೂ ಒಂದು ಸಮತಲ ಹಾಯುವುದರಿಂದ ಚಾಸಿಸ್ ಏನೇ ಮಾಡಿದರೂ ಪೆಟ್ಟಿಗೆಗೆ ತಿರುಚು ಬರುವುದಿಲ್ಲ. ಎರಡನೆಯದು ನಾಲ್ಕು ಬಿಂದುಗಳ ವಜ್ರಾಕೃತಿ: ಮುಂದೊಂದು, ಹಿಂದೊಂದು ನಡುಪಿವಟ್, ಮಧ್ಯಭಾಗದಲ್ಲಿ ಎರಡು ಬದಿಗೆ ಹಿಡಿತ. ಮೂರನೆಯದು ಸ್ಪ್ರಿಂಗ್ ಹಿಡಿತ: ಸಬ್‌ಫ್ರೇಮ್ ಚಾಸಿಸ್ ಮೇಲೆ ಉದ್ದಕ್ಕೂ ಕೂರುತ್ತದೆ, ಹಿಂದೆ ಬಿಗಿಯಾಗಿ ಕಟ್ಟಿರುತ್ತದೆ, ಮುಂದೆ ಮಾತ್ರ ಸ್ಪ್ರಿಂಗ್ ಹಾಕಿದ ಬೋಲ್ಟ್‌ಗಳು ಅದನ್ನು ಕೆಳಕ್ಕೆ ಹಿಡಿದಿರುತ್ತವೆ.

ಈಗ ಬಹುತೇಕ ಕಲಿಯುವವರು ಎಡವುವ ಹೆಜ್ಜೆಗೆ ಬರೋಣ: ಎಷ್ಟು ಜಾಗ ಬಿಡಬೇಕು? ಮೂರೂ ವಿಧಾನಗಳಿಗೆ ಉತ್ತರ ಒಂದೇ ಅಲ್ಲ ಎನ್ನುವುದು ಲೆಕ್ಕವನ್ನು ಬಿಡಿಸಿ ಬರೆಯದ ಹೊರತು ಕಾಣುವುದಿಲ್ಲ.

ಚಾಸಿಸ್ಸಿನ ಎರಡು ಚಾನಲ್‌ಗಳ ನಡುವಿನ ಅಂತರ 700 ಮಿ.ಮೀ. ಎಂದೂ, ಪೆಟ್ಟಿಗೆ ಕೂರುವ ಉದ್ದದಲ್ಲಿ ಚಾಸಿಸ್ ಒಟ್ಟು 5 ಡಿಗ್ರಿ ತಿರುಚುತ್ತದೆಂದೂ ಇಟ್ಟುಕೊಳ್ಳೋಣ. ಮೂರು ಬಿಂದುಗಳ ವಿಧಾನದಲ್ಲಿ ಪೆಟ್ಟಿಗೆ ಹಿಂಭಾಗದ ಜೊತೆಗಿರುತ್ತದೆ, ಆದ್ದರಿಂದ 5 ಡಿಗ್ರಿ ಪೂರ್ತಿಯಾಗಿ ಮುಂಭಾಗದಲ್ಲೇ ಕಾಣಿಸುತ್ತದೆ. ಪಿವಟ್ ನಡುವೆ ಇರುವುದರಿಂದ ಪ್ರತಿ ಚಾನಲ್ ಅದರಿಂದ 350 ಮಿ.ಮೀ. ದೂರ, 350ನ್ನು 5 ಡಿಗ್ರಿಯ ಟ್ಯಾಂಜೆಂಟ್ ಆದ 0.0875ರಿಂದ ಗುಣಿಸಿದರೆ ಸುಮಾರು 31 ಮಿ.ಮೀ. ಒಂದು ಚಾನಲ್ ಅಷ್ಟು ಮೇಲೆ ಬರುತ್ತದೆ, ಇನ್ನೊಂದು ಅಷ್ಟೇ ಕೆಳಗೆ ಹೋಗುತ್ತದೆ. ಸಬ್‌ಫ್ರೇಮ್ ಮತ್ತು ಚಾನಲ್ ನಡುವೆ 31ಕ್ಕಿಂತ ಹೆಚ್ಚು ತೆರವು ಇರಬೇಕು. ಆದರೆ 2 ಮೀಟರ್ ಅಗಲದ ಪೆಟ್ಟಿಗೆಯ ಹೊರ ಅಂಚು ಪಿವಟ್‌ನಿಂದ 1,000 ಮಿ.ಮೀ. ದೂರವಿರುವುದರಿಂದ ಅಲ್ಲಿನ ಚಲನೆ 87 ಮಿ.ಮೀ. ಕ್ಯಾಬಿನ್ ಮತ್ತು ಪೆಟ್ಟಿಗೆ ಒಂದಕ್ಕೊಂದು ತಾಗುವುದು, ನಡುವಿನ ದಾರಿಯನ್ನು ಮುಚ್ಚುವ ಮಡಿಕೆಗಳ ರಬ್ಬರ್ ಬೆಲ್ಲೋಸ್ ಹರಿಯುವುದು ಈ 87ನ್ನು ಲೆಕ್ಕಕ್ಕೆ ಹಿಡಿಯದಿದ್ದಾಗ. ಚಾನಲ್ಲಿನ ಬಳಿ ಅಳತೆ ತೆಗೆದು ಅದನ್ನೇ ಮೂಲೆಗೂ ಅನ್ವಯಿಸುವುದು ಸಲ್ಲದು.

ವಜ್ರಾಕೃತಿಯಲ್ಲಿ ಪೆಟ್ಟಿಗೆ ಚಾಸಿಸ್ಸಿನ ಮಧ್ಯಭಾಗದ ಜೊತೆಗಿರುತ್ತದೆ. ತಿರುಚು ಸಮನಾಗಿ ಹಂಚಿದರೆ ಮುಂದಕ್ಕೆ ಎರಡೂವರೆ ಡಿಗ್ರಿ, ಹಿಂದಕ್ಕೆ ಎರಡೂವರೆ ಡಿಗ್ರಿ. ಚಾನಲ್ಲಿನ ಬಳಿ ಬೇಕಾದ ತೆರವು ಸುಮಾರು 15 ಮಿ.ಮೀ.ಗೆ ಇಳಿಯುತ್ತದೆ. ಪೆಟ್ಟಿಗೆಯನ್ನು ತಗ್ಗಿನಲ್ಲಿ ಕೂರಿಸಬಹುದು ಎನ್ನುವುದೇ ಇದರ ದೊಡ್ಡ ಲಾಭ.

ಸ್ಪ್ರಿಂಗ್ ಹಿಡಿತದಲ್ಲಿ ನಡುವೆ ಪಿವಟ್ ಇಲ್ಲ. ಮುಂಭಾಗದಲ್ಲಿ ಚಾಸಿಸ್ ತಿರುಗಿದಾಗ ಮೇಲೇಳುವ ಚಾನಲ್ ಸಬ್‌ಫ್ರೇಮಿನ ಮುಂತುದಿಯನ್ನೇ ತನ್ನ ಜೊತೆ 31 ಮಿ.ಮೀ. ಎತ್ತುತ್ತದೆ. ಪೆಟ್ಟಿಗೆ ತಿರುಚುವುದಿಲ್ಲವಾದ್ದರಿಂದ ಆಚೆ ಬದಿಯೂ ಅಷ್ಟೇ ಏಳುತ್ತದೆ. ಅದೇ ಹೊತ್ತಿಗೆ ಅಲ್ಲಿನ ಚಾನಲ್ 31 ಕೆಳಗೆ ಹೋಗಿರುತ್ತದೆ. ಎರಡನ್ನೂ ಕೂಡಿದರೆ ಆ ಬದಿಯಲ್ಲಿ ಬಾಯಿ ತೆರೆಯುವ ಅಂತರ ಸುಮಾರು 61 ಮಿ.ಮೀ., ಅಂದರೆ 700ರ ಪೂರ್ತಿ ಅಗಲಕ್ಕೆ 5 ಡಿಗ್ರಿ. ಮೂರು ಬಿಂದುಗಳ ಅಂಕಿಯನ್ನು ಇಲ್ಲಿಗೆ ತಂದರೆ ಸರಿಯಾಗಿ ಅರ್ಧದಷ್ಟು ಚಲನೆ ಮಾತ್ರ ಸಿಗುತ್ತದೆ.

ಸ್ಪ್ರಿಂಗ್ ಆಯ್ಕೆ ಈ 61ರ ಮೇಲೆ ನಿಂತಿದೆ. ಒಂದು ಮಿ.ಮೀ. ಒತ್ತಲು 4 ಕಿಲೋ ಬೇಡುವ ಸ್ಪ್ರಿಂಗನ್ನು ಆರಂಭದಲ್ಲೇ 20 ಮಿ.ಮೀ. ಒತ್ತಿ ಬಿಗಿದರೆ ಅದು 80 ಕಿಲೋ ಬಲದಿಂದ ಪೆಟ್ಟಿಗೆಯನ್ನು ಹಿಡಿದಿರುತ್ತದೆ. ಪೂರ್ತಿ ತಿರುಚಿನಲ್ಲಿ ಒಟ್ಟು 81 ಮಿ.ಮೀ. ಒತ್ತಲ್ಪಟ್ಟು ಬಲ 324 ಕಿಲೋಗೆ ಏರುತ್ತದೆ. ಅಷ್ಟು ದೂರ ಕುಗ್ಗಿದ ಮೇಲೂ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳಬಾರದು. 40 ಮಿ.ಮೀ.ಗೇ ಸುರುಳಿ ಮುಚ್ಚಿಕೊಳ್ಳುವ ಗಿಡ್ಡ ಸ್ಪ್ರಿಂಗ್ ಹಾಕಿದರೆ ಅಲ್ಲಿಂದ ಮುಂದೆ ಅದು ಸಾದಾ ಬೋಲ್ಟ್‌ಗೆ ಸಮ, ನಾವು ತಪ್ಪಿಸಿಕೊಳ್ಳಬೇಕೆಂದಿದ್ದ ಬಿಗಿ ಜೋಡಣೆಯೇ ಮರಳಿ ಬಂದಂತೆ. ಹಿಂಭಾಗದ ಸ್ಥಿರ ಹಿಡಿತದ ಕಡೆಗೆ ಹೋದಂತೆ ಅಂತರ ಕಡಿಮೆಯಾಗುತ್ತದೆ, ಅರ್ಧ ಉದ್ದದಲ್ಲಿ ಸುಮಾರು ಅರ್ಧ. ಆದ್ದರಿಂದ ಅತಿ ಉದ್ದದ ಸ್ಪ್ರಿಂಗ್ ಅತಿ ಮುಂದಿನ ಬೋಲ್ಟ್‌ಗೆ ಸೇರಬೇಕು. ಸಬ್‌ಫ್ರೇಮ್ ಪಕ್ಕಕ್ಕೆ ಜಾರದಂತೆ ಚಾಸಿಸ್ಸಿನ ಹೊರಬದಿಯಲ್ಲಿ ತಡೆಪಟ್ಟಿಗಳೂ ಬೇಕು, ಏಕೆಂದರೆ ಸ್ಪ್ರಿಂಗ್ ಕೆಳಕ್ಕೆ ಹಿಡಿಯುತ್ತದೆಯೇ ಹೊರತು ಪಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಪಿವಟ್ ವಿಧಾನಗಳಲ್ಲಿ ಭಾರ ಕೆಲವೇ ಬಿಂದುಗಳಲ್ಲಿ ಕೇಂದ್ರೀಕರಿಸುತ್ತದೆ. 1,500 ಕಿಲೋ ಪೆಟ್ಟಿಗೆಯ ಶೇ. 40 ಮುಂದಿನ ಪಿವಟ್ ಮೇಲೆ ಬಂದರೆ 600 ಕಿಲೋ. ಗುಂಡಿಯ ಹೊಡೆತಕ್ಕೆ ಅದನ್ನು ಮೂರು ಪಟ್ಟು ಎಂದು ಹಿಡಿದರೆ ಒಂದೇ ಕ್ರಾಸ್ ಮೆಂಬರ್ 1,800 ಕಿಲೋ ತಡೆಯಬೇಕು. ಸ್ಪ್ರಿಂಗ್ ವಿಧಾನದಲ್ಲಿ ಸಮನೆಲದ ಮೇಲೆ ಭಾರ ಚಾನಲ್ಲಿನ ಉದ್ದಕ್ಕೂ ಹಂಚಿಹೋಗುತ್ತದೆ. ನಮ್ಮ ಕಡೆಯ ಪ್ರಯಾಣದಲ್ಲಿ ಬಹುಪಾಲು ಹೆದ್ದಾರಿ 48ರಂಥ ಡಾಂಬರು, ಕೊನೆಯ ಕೆಲವು ಕಿಲೋಮೀಟರ್ ಮಾತ್ರ ಕಚ್ಚಾ ದಾರಿ. ಹಗುರ ಲಾರಿಗೆ ಸ್ಪ್ರಿಂಗ್ ಹಿಡಿತವೇ ಸೂಕ್ತ ಎಂಬುದು ನನ್ನ ದೃಢ ಅಭಿಪ್ರಾಯ. ಪಿವಟ್ಟೇ ಬೇಕೆನ್ನುವವರು ಲಾರಿಯ ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಶ್ಯಾಕಲ್‌ನ ಪಿನ್ ಮತ್ತು ಬುಷ್ ಬಳಸಬಹುದು. ಬಿಡಿಭಾಗದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಗ್ರೀಸ್ ಹಾಕಲು ನಿಪ್ಪಲ್ ಇರುವುದನ್ನೇ ಆರಿಸಬೇಕು.

5 ಡಿಗ್ರಿ ಎನ್ನುವುದು ಉದಾಹರಣೆಯ ಅಂಕಿ. ನಿಮ್ಮ ಲಾರಿಯ ಅಂಕಿಯನ್ನು ಅಳೆಯಲೇಬೇಕು, ಅದು ಕಷ್ಟವೂ ಅಲ್ಲ. ಸಮನೆಲದಲ್ಲಿ ಲಾರಿ ನಿಲ್ಲಿಸಿ, ಕ್ಯಾಬಿನ್ನಿನ ಹಿಂದೆ ಒಂದು, ಚಾಸಿಸ್ಸಿನ ಕೊನೆಯಲ್ಲಿ ಒಂದು ಹೀಗೆ ಎರಡು ನೇರ ಚೌಕ ಪೈಪ್‌ಗಳನ್ನು ಅಡ್ಡ ಇಟ್ಟು, ಮೊಬೈಲಿನ ಕೋನ ತೋರಿಸುವ ಆ್ಯಪಿನಿಂದ ಎರಡರ ಕೋನವನ್ನೂ ಬರೆದುಕೊಳ್ಳಬೇಕು. ಮುಂದಿನ ಬಲಗಾಲಿ ಮತ್ತು ಹಿಂದಿನ ಎಡಗಾಲಿಯನ್ನು ಗಟ್ಟಿಮರದ ದಿಮ್ಮಿಗಳ ಮೇಲೆ ಹತ್ತಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಮತ್ತೆ ಓದಬೇಕು. ಎರಡು ಪೈಪ್‌ಗಳ ಕೋನಗಳ ವ್ಯತ್ಯಾಸವೇ ತಿರುಚು. ಸಾದಾ ರಸಮಟ್ಟ ನೆಲ ಸಮವಿದೆಯೇ ಎಂದು ಹೇಳುತ್ತದೆ, ಎಷ್ಟು ಡಿಗ್ರಿ ಎಂದು ಹೇಳುವುದಿಲ್ಲವಾದ್ದರಿಂದ ಇಲ್ಲಿ ಸಾಲದು. ದಿಮ್ಮಿಯ ಮೇಲಿರುವಾಗ ಯಾರೂ ಲಾರಿಯ ಕೆಳಗೆ ಹೋಗಕೂಡದು.

ಚಾಸಿಸ್ಸಿಗೆ ತೂತು ಕೊರೆಯುವಾಗ ನಿಂತ ಬದಿಗೆ ಮಾತ್ರ ಕೊರೆಯಬೇಕು, ಮೇಲಿನ ಮತ್ತು ಕೆಳಗಿನ ಮಡಿಕೆಗೆ ಕೊರೆಯಬಾರದು. ಬಾಗುವಿಕೆಯ ಒತ್ತಡ ಅತಿ ಹೆಚ್ಚಿರುವುದು ಆ ಮಡಿಕೆಗಳಲ್ಲೇ. ಕಂಪನಿಯೇ ಬಿಟ್ಟ ತೂತುಗಳಿದ್ದರೆ ಅವನ್ನೇ ಬಳಸುವುದು ಉತ್ತಮ. ಚಾನಲ್ಲಿಗೆ ವೆಲ್ಡಿಂಗ್ ಮಾಡಬಾರದು.

ತೂಕ

ನೀರು ಲೀಟರಿಗೆ ಒಂದು ಕಿಲೋ ಎಂಬುದನ್ನು ಎಲ್ಲರೂ ಬಲ್ಲರು, ಅದು ಎಲ್ಲಿ ಕೂರುತ್ತದೆ ಎಂಬುದನ್ನು ಕೆಲವರೇ ಲೆಕ್ಕ ಹಾಕುತ್ತಾರೆ. ಗಾಲಿಗಳ ಅಂತರ 3.4 ಮೀಟರ್ ಇರುವ ಲಾರಿಯಲ್ಲಿ 200 ಲೀಟರ್ ಟ್ಯಾಂಕನ್ನು ಹಿಂದಿನ ಆಕ್ಸಲ್‌ನಿಂದ 0.8 ಮೀಟರ್ ಹಿಂದಿಟ್ಟರೆ ಹಿಂದಿನ ಆಕ್ಸಲ್ ಮೇಲೆ 247 ಕಿಲೋ ಬೀಳುತ್ತದೆ, ಮುಂದಿನದರಿಂದ 47 ಕಿಲೋ ಇಳಿಯುತ್ತದೆ. ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ, ತಗ್ಗಿನಲ್ಲಿ ಇರಲಿ. ಮೊದಲು ಮುಂದಿನ ಗಾಲಿಗಳನ್ನು ಮಾತ್ರ ವೇಬ್ರಿಡ್ಜ್ ಹತ್ತಿಸಿ, ನಂತರ ಪೂರ್ತಿ ಲಾರಿಯನ್ನು ತೂಗಿ ಕಳೆದರೆ ಎರಡು ಆಕ್ಸಲ್‌ಗಳ ಪಾಲು ಸಿಗುತ್ತದೆ. ಮೆಕ್ಕೆಜೋಳದ ವಹಿವಾಟಿನ ನಮ್ಮ ಊರಿನಲ್ಲಿ ವೇಬ್ರಿಡ್ಜಿಗೆ ಕೊರತೆಯಿಲ್ಲ. ಹಿಂದಿನ ಆಕ್ಸಲ್‌ನಿಂದಾಚೆ ಚಾಚುವ ಭಾಗ ಗಾಲಿಗಳ ಅಂತರದ ಶೇ. 60 ಮೀರಬಾರದೆಂಬ ನಿಯಮವಿದೆ, ಆದರೆ ಹಳ್ಳದಿಂದ ಮೇಲೇರುವಾಗ ಹಿಂಭಾಗ ನೆಲಕ್ಕೆ ಉಜ್ಜದಿರಲು ಅದಕ್ಕಿಂತ ಬಹಳ ಕಡಿಮೆ ಇರಬೇಕಾಗುತ್ತದೆ.

ವಿದ್ಯುತ್ ಮತ್ತು ಗ್ಯಾಸ್

12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು ಎರಡೂವರೆ ಯೂನಿಟ್ ವಿದ್ಯುತ್ ಹಿಡಿಸುತ್ತದೆ. ಸಣ್ಣ ಫ್ರಿಜ್, ಫ್ಯಾನು, ದೀಪ, ಪಂಪಿಗೆ ಸಾಕು. ತಂತಿಯ ದಪ್ಪಕ್ಕೆ ಮಾತ್ರ ಗಮನ ಕೊಡಬೇಕು: 16 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 5 ಮೀಟರ್ ದೂರಕ್ಕೆ 40 ಆಂಪಿಯರ್ ಕಳಿಸಿದರೆ ಹೋಗಿಬರುವ ದಾರಿ ಸೇರಿ 0.44 ವೋಲ್ಟ್ ನಷ್ಟ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿಗೆ ಒಳಗಿನಿಂದ ಸಂಪರ್ಕವಿರಬಾರದು, ಅದರ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎ.ಐ.ಎಸ್.-124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಆದ್ದರಿಂದ ಕಬ್ಬಿಣ ಕತ್ತರಿಸುವ ಮೊದಲೇ ನಕ್ಷೆ ಹಿಡಿದು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಬೇಕು.

ಪೆಟ್ಟಿಗೆ ಕೂರಿಸಿದ ಮೇಲಿನ ಪರೀಕ್ಷೆ

ದಿಮ್ಮಿಗಳ ಪರೀಕ್ಷೆಯನ್ನು ಪೆಟ್ಟಿಗೆ ಕೂರಿಸಿದ ನಂತರ ಮತ್ತೊಮ್ಮೆ, ನೀರು ತುಂಬಿದ ಟ್ಯಾಂಕಿನೊಂದಿಗೆ ಮಾಡಬೇಕು. ಲಾರಿ ತಿರುಚಿ ನಿಂತಿರುವಾಗಲೇ ಬಾಗಿಲನ್ನು ತೆರೆದು ಮುಚ್ಚಿ ನೋಡಬೇಕು. ಸಮನೆಲದಲ್ಲಿ ಎಷ್ಟು ಸಲೀಸೋ ಅಷ್ಟೇ ಸಲೀಸಾಗಿ ಮುಚ್ಚಿದರೆ ತಿರುಚು ಪೆಟ್ಟಿಗೆಗೆ ತಲುಪಿಲ್ಲ. ಅತಿ ಮುಂದಿನ ಸ್ಪ್ರಿಂಗಿನ ಸುರುಳಿಗಳ ನಡುವೆ ಇನ್ನೂ ಬೆಳಕು ಕಾಣುತ್ತಿರಬೇಕು. ಪ್ರತಿ ನಟ್ಟಿನಿಂದ ಪಟ್ಟಿಯವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಮೊದಲ ಕಚ್ಚಾ ದಾರಿಯ ಓಡಾಟ ಮುಗಿಸಿ ಬಂದಾಗ ಗೆರೆ ಮುರಿದಿರುವ ನಟ್ಟುಗಳನ್ನು ಮಾತ್ರ ಬಿಗಿದರೆ ಸಾಕು. ಅದೇ ನಟ್ಟು ಎರಡನೆಯ ಓಡಾಟದಲ್ಲೂ ಸಡಿಲವಾದರೆ ಅದನ್ನು ಇನ್ನಷ್ಟು ಬಿಗಿಯದೆ, ಆ ಜಾಗದ ತೆರವನ್ನು ಹೊಸದಾಗಿ ಅಳೆಯಬೇಕು.