ಡಿಸೋಸಿಯೇಶನ್ ಅಂದರೆ ಮೈಮರೆವು ಅಲ್ಲ

ಮನಸ್ಸು ತನ್ನ ಮೈಯಿಂದಲೋ ಸುತ್ತಲಿನಿಂದಲೋ ಕಳಚಿಕೊಂಡಂತಾಗುವುದಕ್ಕೆ ಮನಶ್ಶಾಸ್ತ್ರದಲ್ಲಿ ‘ಡಿಸೋಸಿಯೇಶನ್’ ಅನ್ನುತ್ತಾರೆ. ಅದಕ್ಕೆ ‘ಮೈಮರೆವು’ ಅಂತ ಅರ್ಥ ಬರೆದಿದ್ದನ್ನು ಈ ವಾರ ಮತ್ತೆ ನೋಡಿದೆ. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಈ ಸಲ ಸುಮ್ಮನಿರಲು ಆಗುತ್ತಿಲ್ಲ. ಯಾರೋ ಒಬ್ಬರು ಧೈರ್ಯ ಮಾಡಿ ಥೆರಪಿಗೆ ಹೋಗಿ, ತಮಗೆ ಆಗುತ್ತಿರುವುದಕ್ಕೆ ಮಾತು ಹುಡುಕುತ್ತಿರುತ್ತಾರೆ. ಅವರ ಕೈಗೆ ಈ ಪದ ಕೊಟ್ಟರೆ ಏನು ಮಾಡಬೇಕು?

ಮೈಮರೆಯುವುದರಲ್ಲಿ ಸುಖ ಇದೆ. ಹಾಡು ಕೇಳುತ್ತಾ ಮೈಮರೆಯುತ್ತೇವೆ, ಮಗುವಿನ ಆಟ ನೋಡುತ್ತಾ ಮೈಮರೆಯುತ್ತೇವೆ. ಡಿಸೋಸಿಯೇಶನ್ ಆದವರು ಹೇಳುವುದೇ ಬೇರೆ. ಎದುರಿಗಿರುವವರ ಮಾತು ಗಾಜಿನ ಆಚೆಯಿಂದ ಬಂದಂತೆ ಕೇಳುತ್ತದೆ. ಮೇಜಿನ ಮೇಲಿರುವ ಕೈ ತನ್ನದೇ ಅಂತ ಗೊತ್ತು, ಆದರೆ ತನ್ನದು ಅನ್ನಿಸುವುದಿಲ್ಲ. ಕೆಲವರಿಗೆ ನಡುವಿನ ಒಂದು ಗಂಟೆ ಎಲ್ಲಿ ಹೋಯಿತು ಅನ್ನುವುದೇ ತಿಳಿಯುವುದಿಲ್ಲ.

ಒಂದು ಮಾತು ಒಪ್ಪಬೇಕು. ಇದನ್ನು ಅಳೆಯಲು 1986ರಲ್ಲಿ ಬಂದ 28 ಪ್ರಶ್ನೆಗಳ ಪಟ್ಟಿಯಲ್ಲಿ, ಗಾಡಿ ಓಡಿಸಿಕೊಂಡು ಬಂದ ದಾರಿಯೇ ನೆನಪಿಲ್ಲದಿರುವಂಥ ದಿನನಿತ್ಯದ ಅನುಭವವೂ ಸೇರಿದೆ. ಹಾಗಾಗಿ ಇದರ ತೆಳು ರೂಪ ಎಲ್ಲರಲ್ಲೂ ಇದೆ. ಹಾಗಂತ ಬೋರ್ ಆದಾಗಲೆಲ್ಲ ‘ಡಿಸೋಸಿಯೇಟ್ ಆದೆ’ ಅಂದರೆ, ಅದರಿಂದ ನಿಜವಾಗಿ ನರಳುವವರ ಮಾತಿಗೆ ತೂಕ ಉಳಿಯುವುದಿಲ್ಲ, ಅಲ್ವಾ?

ಪದದ ಬೇರು ನೋಡಿದರೆ ಅರ್ಥ ಅಲ್ಲೇ ಕೂತಿದೆ. ಲ್ಯಾಟಿನ್‌ನಲ್ಲಿ ‘ಸೋಸಿಯಸ್’ ಅಂದರೆ ಜೊತೆಗಾರ. ‘ಡಿಸ್’ ಅಂದರೆ ಬೇರೆಯಾಗು. ಜೊತೆಗಿದ್ದವು ಜೊತೆ ಬಿಡುವುದು. ಫ್ರಾನ್ಸ್‌ನ ಮನಶ್ಶಾಸ್ತ್ರಜ್ಞ ಪಿಯೇರ್ ಜಾನೆ 1889ರಲ್ಲಿ ಈ ಸ್ಥಿತಿಯನ್ನು ವಿವರಿಸುವಾಗ ‘ದೆಸಾಗ್ರೆಗಾಸಿಯೋಂ’ ಅನ್ನುವ ಪದ ಬಳಸಿದ. ಅದರ ಬೇರು ‘ಗ್ರೆಕ್ಸ್’, ಅಂದರೆ ಹಿಂಡು. ಹಿಂಡು ಚದುರುವುದು! ನೆನಪು, ಮೈಯ ಅರಿವು, ಭಾವನೆ, ‘ನಾನು’ ಅನ್ನುವ ಅನ್ನಿಸಿಕೆ, ಇವೆಲ್ಲ ಒಟ್ಟಿಗೆ ನಡೆಯುವ ಒಂದು ಹಿಂಡು. ತಡೆಯಲಾಗದ ಭಯ ಬಂದು, ಓಡಲೂ ಆಗದೆ ಎದುರಿಸಲೂ ಆಗದೆ ಹೋದಾಗ ಆ ಹಿಂಡು ಚದುರುತ್ತದೆ. ಆ ಹೊತ್ತಿಗೆ ಅದು ಕಾಪಾಡುತ್ತದೆ ಕೂಡ. ಅಪಾಯ ಕಳೆದು ವರ್ಷಗಳಾದ ಮೇಲೂ ಹಾಗೇ ಆಗುತ್ತಿದ್ದರೆ ಅದು ತೊಂದರೆ.

ಪುಸ್ತಕದ ಕನ್ನಡದಲ್ಲಿ ‘ವಿಘಟನೆ’ ಇದೆ. ತಪ್ಪೇನಿಲ್ಲ, ಆದರೆ ಯಾರೂ ತಮ್ಮ ಸಂಕಟ ಹೇಳುವಾಗ ‘ನನಗೆ ವಿಘಟನೆಯಾಯಿತು’ ಅನ್ನುವುದಿಲ್ಲ. ನನಗೆ ಹಿಡಿಸಿದ್ದು ‘ಕೊಂಡಿ ಕಳಚಿದ ಹಾಗೆ’. ಇದರಲ್ಲಿ ಜೊತೆ ಬಿಡುವುದೂ ಇದೆ, ಮತ್ತೆ ಸಿಕ್ಕಿಸಬಹುದು ಅನ್ನುವುದೂ ಇದೆ.

ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಸ್ಕಿಜೋಫ್ರೇನಿಯಾ ಇದಕ್ಕಿಂತ ಬೇರೆಯೇ ಕಾಯಿಲೆ. ಆ ಹೆಸರಿಗೆ ಗ್ರೀಕ್‌ನಲ್ಲಿ ‘ಸೀಳಿದ ಮನಸ್ಸು’ ಅನ್ನುವ ಅರ್ಥ ಇರುವುದರಿಂದ ಎರಡನ್ನೂ ಒಂದೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ.

ಇನ್ನು ಭಾವನೆಗಳನ್ನು ಹೇಳುವ ಮಾತು. ಭಾವನೆಗೆ ಮಾತೇ ಸಿಗದಿರುವುದಕ್ಕೆ ‘ಅಲೆಕ್ಸಿಥೈಮಿಯಾ’ ಅಂತ 1970ರ ದಶಕದಲ್ಲಿ ಹೆಸರು ಬಂತು. ನಮ್ಮಲ್ಲಿ ಮಾತು ಸಿಗದಿರುವುದಕ್ಕೆ ಇನ್ನೊಂದು ಕಾರಣ ಇದೆ: ‘ಬೇಜಾರು’. ಪಾರಸಿಯಿಂದ ಬಂದ ಈ ಪದ ಎಲ್ಲವನ್ನೂ ನುಂಗಿಬಿಟ್ಟಿದೆ. ಯಾರೋ ಸತ್ತರೂ ಬೇಜಾರು, ಅವಮಾನ ಆದರೂ ಬೇಜಾರು, ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ನಾನೂ ಥೆರಪಿಯ ಮೊದಲ ಕೆಲವು ವಾರ ಅದೊಂದನ್ನೇ ಹೇಳಿದ್ದೆ. ‘ಕಸಿವಿಸಿ’ ಅಂದ ದಿನ ಮಾತು ಮುಂದೆ ಹೋಯಿತು. ತಳಮಳ ಬೇರೆ, ದಿಗಿಲು ಬೇರೆ, ಅಳುಕು ಬೇರೆ, ದುಗುಡ ಬೇರೆ. ದಿಗಿಲು ಥಟ್ಟನೆ ಬಡಿಯುತ್ತದೆ, ದುಗುಡ ಮೆಲ್ಲಗೆ ಕವಿಯುತ್ತದೆ. ಎದುರು ಕೂತ ಥೆರಪಿಸ್ಟ್‌ಗೆ ಈ ವ್ಯತ್ಯಾಸ ಬಹಳ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಏನೂ ಅನ್ನಿಸದಿದ್ದರೆ? ಅದಕ್ಕೂ ಮಾತಿದೆ. ‘ಮರಗಟ್ಟಿದೆ’ ಅನ್ನಬಹುದು. ‘ಜೋಮು ಹಿಡಿದ ಹಾಗಿದೆ’ ಅನ್ನಬಹುದು. ‘ನಿಮ್ಮ ದನಿ ದೂರ ಹೋಗ್ತಿದೆ’, ‘ಕಾಲು ನೆಲಕ್ಕೆ ತಾಗಿರೋದು ಗೊತ್ತಾಗ್ತಿಲ್ಲ’ ಅಂದರೂ ಸಾಕು, ಡಿಸೋಸಿಯೇಶನ್ ಅನ್ನುವ ಪದವೇ ಬೇಡ. ಕೇಳಿಸಿಕೊಂಡ ಥೆರಪಿಸ್ಟ್ ಹಳೆಯ ಘಟನೆಯ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮನಸ್ಸನ್ನು ಈ ಹೊತ್ತಿಗೆ, ಈ ಜಾಗಕ್ಕೆ ವಾಪಸ್ ತರಲು ಪಾದವನ್ನು ನೆಲಕ್ಕೆ ಒತ್ತಿ ಅನ್ನುತ್ತಾರೆ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ ಅನ್ನುತ್ತಾರೆ.