ಪ್ರವಾಸಿ ಮಾಹಿತಿ ಕೇಂದ್ರ: ಊರ ನಡುವೆ ಅದಕ್ಕೆ ತಕ್ಕ ಜಾಗ ಯಾವುದು?

ಪ್ರವಾಸಿ ಮಾಹಿತಿ ಕೇಂದ್ರ ಎಂದರೆ ಹೊಸ ಊರಿಗೆ ಬಂದವರು ಏನನ್ನೂ ಕೊಳ್ಳುವ ಹಂಗಿಲ್ಲದೆ ಒಳಗೆ ಹೋಗಿ, ಏನು ನೋಡಬೇಕು, ಹೇಗೆ ಹೋಗಬೇಕು, ಎಷ್ಟು ಹೊತ್ತು ಬೇಕು ಎಂದು ಕೇಳಿ ತಿಳಿದುಕೊಳ್ಳಬಹುದಾದ ಸಾರ್ವಜನಿಕ ಜಾಗ. ನಿಲ್ದಾಣಗಳಲ್ಲಿ ಕಾಣುವ ವಿಚಾರಣಾ ಕೌಂಟರಿಗೂ ಇದಕ್ಕೂ ವ್ಯತ್ಯಾಸವಿದೆ. ಕೌಂಟರಿನ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ ಮುಂದೆ ಸಾಗುತ್ತೇವೆ. ಕೇಂದ್ರದಲ್ಲಿ ಕುಳಿತು, ನಕ್ಷೆ ಬಿಡಿಸಿ, ನೀರು ಕುಡಿದು, ದಿನದ ಓಡಾಟವನ್ನು ಯೋಚಿಸಿಕೊಳ್ಳಲು ಅವಕಾಶವಿರುತ್ತದೆ. ಪ್ರವಾಸ ಮಾರುವ ಏಜೆನ್ಸಿಗೆ ತನ್ನ ಲಾಭದ ಲೆಕ್ಕವಿರುತ್ತದೆ, ಮಾಹಿತಿ ಕೇಂದ್ರಕ್ಕೆ ಅದು ಇರಬಾರದು.

ಇಂಥ ಕೇಂದ್ರ ‘ಡೌನ್‌ಟೌನ್’ನಲ್ಲಿ ಇರಬೇಕು ಎನ್ನುವ ಮಾತು ನಗರ ಯೋಜನೆಯಲ್ಲಿ ಆಗಾಗ ಬರುತ್ತದೆ. ನಮ್ಮ ಊರುಗಳ ಮಟ್ಟಿಗೆ ಆ ಪದಕ್ಕೆ ಹತ್ತಿರದ ಮಾತು ‘ಪೇಟೆ’. ಆದರೆ ಪೇಟೆಯೊಳಗೆ ಎಲ್ಲಿ ಎಂಬುದೇ ನಿಜವಾದ ಪ್ರಶ್ನೆ. ಇಲಾಖೆಗೆ ಸೇರಿದ ಕಟ್ಟಡವೊಂದು ಖಾಲಿ ಇದೆ ಎಂಬ ಕಾರಣಕ್ಕೆ ಅಲ್ಲಿ ಕೇಂದ್ರ ತೆರೆದರೆ, ಅದನ್ನು ಹುಡುಕಲು ಬಂದವರು ಮೊದಲು ಬೇರೆ ಯಾರನ್ನಾದರೂ ದಾರಿ ಕೇಳಬೇಕಾಗುತ್ತದೆ. ಪ್ರವಾಸಿಗರು ತಾವಾಗಿಯೇ ನಡೆದು ಬರುವ ದಾರಿಯಲ್ಲಿ, ಅವರು ಯಾವ ಕಡೆ ಹೋಗಬೇಕೆಂದು ತೀರ್ಮಾನಿಸುವ ಮುಂಚೆಯೇ ಕಣ್ಣಿಗೆ ಬೀಳುವಂತಿದ್ದರೆ ಮಾತ್ರ ಅದು ಒಳ್ಳೆಯ ಜಾಗ.

ಮೈಸೂರನ್ನೇ ನೋಡೋಣ. ರೈಲು ನಿಲ್ದಾಣ ಪೇಟೆಯ ವಾಯವ್ಯಕ್ಕಿದೆ. ಹೊರ ಊರಿನ ಬಸ್ಸುಗಳು ಬೆಂಗಳೂರು–ನೀಲಗಿರಿ ರಸ್ತೆಯ ಸಬರ್ಬ್ ಬಸ್ ಸ್ಟ್ಯಾಂಡಿಗೆ ಬರುತ್ತವೆ. ನಗರ ಸಾರಿಗೆಯ ನಿಲ್ದಾಣ ಕೆ.ಆರ್. ವೃತ್ತದ ಪಕ್ಕದಲ್ಲಿದೆ. ರೈಲು ನಿಲ್ದಾಣದಲ್ಲಿ ಇಳಿದವರಿಗೆ ಲಗೇಜು ಮತ್ತು ಆಟೋ ಇವೆರಡರದೇ ಚಿಂತೆ, ಆ ಹೊತ್ತಿನಲ್ಲಿ ನಕ್ಷೆ ಬಿಡಿಸಿ ಕೂರುವ ವ್ಯವಧಾನ ಇರುವುದಿಲ್ಲ. ಅಲ್ಲಿಗೆ ಸಣ್ಣ ಕೌಂಟರು ಸಾಕು. ಕೋಣೆಯಲ್ಲಿ ಚೀಲವಿಟ್ಟು, ಕಾಫಿ ಕುಡಿದು, ಅರಮನೆಯತ್ತ ಕಾಲ್ನಡಿಗೆಯಲ್ಲಿ ಹೊರಟಾಗಲೇ ಕೇಳಬೇಕಾದ ಪ್ರಶ್ನೆಗಳು ಹುಟ್ಟುತ್ತವೆ.

ಹಾಗೆ ಹೊರಟವರು ಬಹುಮಟ್ಟಿಗೆ ಬಂದು ಸೇರುವುದು ಕೆ.ಆರ್. ವೃತ್ತದಿಂದ ದೊಡ್ಡ ಗಡಿಯಾರದವರೆಗಿನ ರಸ್ತೆಯ ತುಂಡಿಗೆ. 1884ರ ಪುರಭವನ, 1927ರ ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಅತ್ತ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆ ಎಲ್ಲವೂ ನಡೆದು ಮುಟ್ಟುವಷ್ಟು ದೂರದಲ್ಲಿವೆ, ಚಾಮುಂಡಿ ಬೆಟ್ಟಕ್ಕೆ ಹೋಗುವ 201ನೇ ನಂಬರಿನ ಬಸ್ಸೂ ಅಲ್ಲೇ ಸಿಗುತ್ತದೆ. ಎದುರಿಗೇ ಅರಮನೆಯ ಉತ್ತರದ ಬಾಗಿಲು ಭವ್ಯವಾಗಿ ನಿಂತಿರುವುದರಿಂದ ಹೊಸಬರು ಸಹಜವಾಗಿ ಅತ್ತ ನಡೆಯುತ್ತಾರೆ. ಆದರೆ ಟಿಕೆಟು ಕೊಡುವುದು ದಕ್ಷಿಣದ ವರಾಹ ದ್ವಾರದಲ್ಲಿ. ಗೋಡೆಯ ಉದ್ದಕ್ಕೂ ಸುತ್ತಿಕೊಂಡು ಹೋಗಬೇಕು. ಮುಚ್ಚಿದ ಬಾಗಿಲಿನ ಮುಂದೆ ಮಗುವನ್ನು ಎತ್ತಿಕೊಂಡು ಗಲಿಬಿಲಿಯಿಂದ ನಿಂತ ಕುಟುಂಬಕ್ಕೆ, “ಅರಮನೆ ಈಗ ಓಪನ್ ಇಲ್ಲ ಸಾರ್, ಬನ್ನಿ, ಮಾರ್ಕೆಟ್ ತೋರಿಸ್ತೀನಿ” ಎನ್ನುವವರು ಸಿಗುವುದೂ ಇಲ್ಲಿಯೇ. ತಪ್ಪು ಮಾಹಿತಿ ಎಲ್ಲಿ ಸುಲಭವಾಗಿ ಸಿಗುತ್ತದೆಯೋ ಸರಿಯಾದ ಮಾಹಿತಿಯೂ ಅದೇ ಜಾಗದಲ್ಲಿ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೃಗಾಲಯಕ್ಕೆ ಮಂಗಳವಾರ ರಜೆ, ಅರಮನೆಯ ದೀಪಾಲಂಕಾರ ಭಾನುವಾರ ಸಂಜೆ ಎಂಬಷ್ಟು ಸಣ್ಣ ಸಂಗತಿ ಬೆಳಿಗ್ಗೆಯೇ ತಿಳಿದರೆ ಒಂದು ಇಡೀ ದಿನ ಉಳಿಯುತ್ತದೆ.

ಜಾಗಕ್ಕೂ ನಂಬಿಕೆಗೂ ಇರುವ ಈ ನಂಟು ದೆಹಲಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕೇಂದ್ರ ಸರ್ಕಾರದ ಪ್ರವಾಸಿ ಕಚೇರಿಯ ವಿಳಾಸ 88, ಜನಪಥ್ ಎಂದು ಪ್ರಸಿದ್ಧವಾಗಿದ್ದರೂ, ಕನಾಟ್ ಪ್ಲೇಸಿನ ಸುತ್ತ ಅದೇ ಬಗೆಯ ಫಲಕ ತೂಗುಹಾಕಿದ ಖಾಸಗಿ ಏಜೆನ್ಸಿಗಳು ಪ್ರವಾಸಿಗರನ್ನು ನಡುದಾರಿಯಲ್ಲೇ ಒಳಗೆ ಕರೆದುಕೊಳ್ಳುತ್ತವೆ. ಕೇಂದ್ರ ಪೇಟೆಯಲ್ಲಿ ಇದ್ದರಷ್ಟೇ ಸಾಲದು, ಬೇರೆ ಯಾವುದರೊಂದಿಗೂ ತಪ್ಪು ತಿಳಿಯದಂತೆ ಎದ್ದುಕಾಣಬೇಕು.

ಕಟ್ಟಡದ ಬಗೆಗೆ ಹೇಳಬೇಕಾದುದು ಕಡಿಮೆ. ರಸ್ತೆಯ ಮಟ್ಟದಲ್ಲೇ ಬಾಗಿಲು, ಗಾಲಿಕುರ್ಚಿಗೆ ಇಳಿಜಾರು, ಶುಚಿಯಾದ ಶೌಚಾಲಯ ಬೇಕು. ಮೊದಲ ಮಹಡಿಯ ಕೇಂದ್ರ ಅರ್ಧ ಮುಚ್ಚಿದಂತೆಯೇ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ತೆರೆದಿರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಪ್ರವಾಸಿಗರು ಹೆಚ್ಚಾಗಿ ಬರುವುದೇ ಕಚೇರಿಗಳ ರಜೆಯ ದಿನ.

ನಡುಪೇಟೆಯ ಜಾಗಕ್ಕೆ ಎರಡು ಕೊರತೆಗಳಿವೆ. ಸ್ವಂತ ವಾಹನದಲ್ಲಿ, ಟೂರಿಸ್ಟ್ ಬಸ್ಸಿನಲ್ಲಿ ಬಂದವರಲ್ಲಿ ಅನೇಕರು ವಸ್ತುಪ್ರದರ್ಶನ ಮೈದಾನದ ಕಡೆ ವಾಹನ ನಿಲ್ಲಿಸಿ ನೇರ ವರಾಹ ದ್ವಾರಕ್ಕೆ ಹೋಗುವುದರಿಂದ ಪೇಟೆಯ ಈ ಭಾಗವನ್ನು ಕಾಣುವುದೇ ಇಲ್ಲ. ಅವರಿಗಾಗಿ ಅಲ್ಲೊಂದು ಉಪಕೇಂದ್ರ ಬೇಕು. ದಸರೆಯ ಜಂಬೂಸವಾರಿಯ ದಿನ ಮೆರವಣಿಗೆ ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆಯ ಮೂಲಕವೇ ಬನ್ನಿಮಂಟಪಕ್ಕೆ ಸಾಗುವುದರಿಂದ, ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ಆ ಹೊತ್ತಿನಲ್ಲಿ ಅಲ್ಲಿನ ಕೇಂದ್ರದ ಬಾಗಿಲನ್ನು ತಲುಪುವುದೇ ಕಷ್ಟ. ಆ ಒಂದು ದಿನದ ಮಟ್ಟಿಗೆ ಸಿಬ್ಬಂದಿಯನ್ನೂ ನಕ್ಷೆಗಳನ್ನೂ ರೈಲು ನಿಲ್ದಾಣಕ್ಕೆ ಮತ್ತು ಸಬರ್ಬ್ ಬಸ್ ಸ್ಟ್ಯಾಂಡಿಗೆ ಸಾಗಿಸುವುದು ಒಳ್ಳೆಯದು.