ವಿಡಿಯೊ ಹಾಕಿದರೆ ಯೋಚನೆ ಬರುತ್ತಾ?

ಪ್ರಶ್ನೆ: ಸ್ಮಾರ್ಟ್ ಬೋರ್ಡ್‌ನಲ್ಲಿ ಫಿಸಿಕ್ಸ್ ಇ-ಮಾಡ್ಯೂಲ್ ತೋರಿಸುತ್ತಿದ್ದೇವೆ. ಮಕ್ಕಳು ಸ್ವಂತವಾಗಿ ಯೋಚಿಸೋದು ಯಾವಾಗ ಶುರುವಾಗುತ್ತೆ?

ಮಂಡ್ಯದ ಟೀಚರುಗಳು ನನಗೆ ಈ ಪ್ರಶ್ನೆ ಹಾಕದ ವಾರವಿಲ್ಲ. ಉತ್ತರವೂ ಹಳೆಯದೇ: ನೀವು ತೋರಿಸೋದು ನಿಲ್ಲಿಸಿದಾಗ.

‘ಅನಿಮೇಷನ್ ಚೆನ್ನಾಗಿದ್ದರೆ ಸಾಕು, ತಾನಾಗೇ ಅರ್ಥವಾಗುತ್ತೆ’ ಅನ್ನೋ ನಂಬಿಕೆ ಇದೆಯಲ್ಲ, ಅದು ಸುಲಭಕ್ಕೆ ಸಾಯಲ್ಲ. ನೀವೇ ನೋಡಿ. ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿದ ಸೀರೀಸ್ ಸರ್ಕ್ಯೂಟ್‌ನಲ್ಲಿ ಎಲ್ಲ ಕಡೆ ಕರೆಂಟು ಒಂದೇ ಅಂತ ಹೇಳುವ ಒಳ್ಳೇ ವಿಡಿಯೊ ಹಾಕಿ. ಎಲ್ಲರೂ ತಲೆಯಾಡಿಸುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ. ಆಮೇಲೆ ಒಂದು ಬ್ಯಾಟರಿ, ಸೀರೀಸ್‌ನಲ್ಲಿ ಒಂದೇ ಥರದ ಎರಡು ಬಲ್ಬು ಬರೆದು, ಯಾವುದು ಜಾಸ್ತಿ ಉರಿಯುತ್ತೆ ಅಂತ ಕೇಳಿ. ‘ಮೊದಲನೇದು ಸಾರ್. ಅದು ತಿಂದು ಉಳಿದದ್ದು ತಾನೇ ಎರಡನೇದಕ್ಕೆ?’ 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಕಳಿಸಿದ ಜಿಲ್ಲೆಯ ಮಕ್ಕಳು! (ಬೈಯಬೇಡಿ. ಪಿಯುಸಿಯಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.)

ವಿಡಿಯೊ ಆ ತಪ್ಪಿನ ಹತ್ತಿರಕ್ಕೂ ಹೋಗಲಿಲ್ಲ. ಹೋಗೋದು ಹೇಗೆ? ಮಗುವನ್ನು ಅದು ಏನೂ ಕೇಳಲೇ ಇಲ್ಲವಲ್ಲ.

ಅದೇ ಪಾಠವನ್ನು, ಕಂಪ್ಯೂಟರಿನಲ್ಲೇ ಸರ್ಕ್ಯೂಟ್ ಜೋಡಿಸಿ ನೋಡುವ ಫೆಟ್ (PhET) ಸಿಮ್ಯುಲೇಷನ್‌ನಲ್ಲಿ ಮಾಡಿ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಕೆಲವು ಕನ್ನಡದಲ್ಲೂ ಇವೆ. ಆದರೆ ಮೌಸ್ ಮುಟ್ಟುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆ ಬರೆಯಬೇಕು, ಪೆನ್ನಿನಲ್ಲಿ. ಪೆನ್ಸಿಲ್ ಆದರೆ ಸುಮ್ನೆ ಅಳಿಸಿಬಿಡುತ್ತಾರೆ. ಆಮೇಲೆ ಸ್ವಿಚ್ ಹಾಕಿ. ಎರಡೂ ಬಲ್ಬು ಒಂದೇ ಸಮ! ಬ್ಯಾಟರಿ ತಿರುಗಿಸಿ ನೋಡೋಣ ಅಂತ ಹಿಂದಿನ ಬೆಂಚಿನವನು ಕೂಗುತ್ತಾನೆ. ತಿರುಗಿಸಲಿ ಬಿಡಿ. ಆಗಲೂ ಅಷ್ಟೇ. ಕರೆಂಟು ಅಳೆಯುವ ಅಮ್ಮೀಟರನ್ನು ಬಲ್ಬಿನ ಈಚೆ ಇಟ್ಟರೂ ಆಚೆ ಇಟ್ಟರೂ ಒಂದೇ ರೀಡಿಂಗ್. ಹಾಗಾದರೆ ಬಲ್ಬು ತಿನ್ನುತ್ತಿರೋದು ಏನನ್ನ? ಕರೆಂಟನ್ನಲ್ಲ, ಶಕ್ತಿಯನ್ನ ಅನ್ನೋ ಮಾತು ಈಗ ಹೇಳಿ. ಅಲ್ಲಿಯವರೆಗೆ ಬಾಯಿ ಬಿಗಿಹಿಡಿಯೋದು ನಮಗೇ ಕಷ್ಟ, ಅಲ್ವಾ?

ಇಷ್ಟೆಲ್ಲ ಇದ್ದಮೇಲೆ ಲ್ಯಾಬ್ ಯಾಕೆ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಸಿಮ್ಯುಲೇಷನ್ ಬಲ್ಬುಗಳು ಅಚ್ಚಿನಲ್ಲಿ ಎರೆದ ಬೆಲ್ಲದ ಹಾಗೆ, ಎಲ್ಲ ಒಂದೇ. ಅಂಗಡಿಯಿಂದ ತಂದವು ಹಾಗಲ್ಲ. ಒಮ್ಮೆ ಲ್ಯಾಬ್‌ನಲ್ಲಿ ಎರಡು ಟಾರ್ಚ್ ಬಲ್ಬು ಸೀರೀಸ್‌ನಲ್ಲಿ ಹಾಕಿದೆ. ಬಲಗಡೆಯದು ಜಾಸ್ತಿ ಉರಿಯಿತು. ‘ನೋಡಿ ಸಾರ್, ಕಂಪ್ಯೂಟರ್ ಸುಳ್ಳು ಹೇಳಿತ್ತು!’ ಅಂತ ಗದ್ದಲ. ನಾನು ಸುಮ್ಮನೆ ನಿಂತೆ. ಒಬ್ಬ ಹುಡುಗಿ ಎದ್ದು ಬಂದು ಎರಡೂ ಬಲ್ಬು ಬಿಚ್ಚಿ ಅದಲು ಬದಲು ಹಾಕಿದಳು. ಬೆಳಕೂ ಬಲ್ಬಿನ ಹಿಂದೆಯೇ ಎಡಗಡೆಗೆ ಹೋಯಿತು.